ಯಲ್ಲಾಪುರದ ಕಾಡು, ಲಿಸ್ಬನ್ನಿನ ಬಹುಮಾನ

2018ರ ಅಕ್ಟೋಬರಿನಲ್ಲಿ ಲಿಸ್ಬನ್ನಿನಲ್ಲಿ ಘೋಷಣೆಯಾದ ಒಂದು ಬಹುಮಾನದ ಸುದ್ದಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸುದ್ದಿಯೇ ಆಗಲಿಲ್ಲ. ಆಗುವ ಕಾರಣವೂ ಇರಲಿಲ್ಲ. ಆ ಹೊತ್ತಿಗೆ ಇಲ್ಲಿ ಮಳೆಗಾಲ ಮುಗಿದು, ಕೊಳೆರೋಗ ಎಷ್ಟು ಅಡಿಕೆ ತಿಂದಿತು, ಕೊಯ್ಲಿಗೆ ಕೊನೆಗೌಡ ಸಿಗುತ್ತಾನೋ ಇಲ್ಲವೋ ಎಂಬ ಚಿಂತೆ ಇರುತ್ತದೆ. ಪೋರ್ಚುಗೀಸ್ ಕಾದಂಬರಿ ಯಾರಿಗೆ ಬೇಕು?

ಬಹುಮಾನದ ಹೆಸರು ಲೆಯಾ. ಪೋರ್ಚುಗಲ್ಲಿನ ಹಲವು ಪ್ರಕಾಶನಗಳನ್ನು ಒಂದೇ ಒಡೆತನಕ್ಕೆ ತಂದು 2008ರಲ್ಲಿ ಕಟ್ಟಿದ ಪುಸ್ತಕದ ಕಂಪನಿಯದು ಅದು. ಬಹುಮಾನವೂ ಅದೇ ವರ್ಷ ಶುರುವಾಯಿತು. ಕಾದಂಬರಿ ಪೋರ್ಚುಗೀಸಿನಲ್ಲಿರಬೇಕು, ಎಲ್ಲೂ ಅಚ್ಚಾಗಿರಬಾರದು, ಹಸ್ತಪ್ರತಿಯ ಮೇಲೆ ಬರೆದವರ ನಿಜ ಹೆಸರಿರಬಾರದು. ಬರೆದವರು ಯಾವ ದೇಶದವರಾದರೂ ಅಡ್ಡಿಯಿಲ್ಲ. ಆಗ ಗೆದ್ದವರಿಗೆ 1 ಲಕ್ಷ ಯೂರೋ ಸಿಗುತ್ತಿತ್ತು. 2018ರಲ್ಲಿ ಗೆದ್ದದ್ದು ‘ತೋರ್ತು ಅರಾದು’. ಬರೆದವರು ಬ್ರೆಜಿಲ್ಲಿನ ಬಹಿಯಾ ರಾಜ್ಯದ ಇತಮಾರ್ ವಿಯೆರಾ ಜೂನಿಯರ್. ಭೂಗೋಳ ಓದಿದವರು; ಭೂಸುಧಾರಣೆಯ ಸರ್ಕಾರಿ ಇಲಾಖೆಯಲ್ಲಿ ನೌಕರಿ. ಇಲಾಖೆಯ ಕೆಲಸಕ್ಕೆಂದು ಹಳ್ಳಿ ಹಳ್ಳಿ ತಿರುಗಿದವರು.

ಕಾದಂಬರಿಯಲ್ಲಿ ಆಗ್ವ ನೆಗ್ರ ಎಂಬ ಒಂದು ಎಸ್ಟೇಟಿದೆ. ಅಲ್ಲಿ ದುಡಿಯುವವರೆಲ್ಲ ಆಫ್ರಿಕದಿಂದ ಹಿಡಿದು ತಂದ ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು. ಗುಲಾಮಗಿರಿ ಕಾಯ್ದೆಯಲ್ಲಿ ಎಂದೋ ಮುಗಿದಿದೆ. ಆದರೆ ಕೂಲಿಯಿಲ್ಲ. ಧಣಿಯ ಹೊಲದಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಹಿತ್ತಿಲಲ್ಲಿ ಏನಾದರೂ ಬೆಳೆದುಕೊಳ್ಳಬಹುದು, ಅದರಲ್ಲೂ ಪಾಲು ಕೊಡಬೇಕು. ಇರಲಿಕ್ಕೆ ಜಾಗ ಕೊಟ್ಟಿದ್ದಾರೆ; ಮನೆ ಮಾತ್ರ ಮಣ್ಣಿನದೇ ಆಗಬೇಕು. ಇಟ್ಟಿಗೆ ಇಟ್ಟರೆ ಅದು ‘ಇದ್ದ’ ಗುರುತಾಗುತ್ತದೆ, ನಾಳೆ ಹಕ್ಕು ಕೇಳಲು ಸಾಕ್ಷಿಯಾಗುತ್ತದೆ. ಮಣ್ಣಿನ ಗೋಡೆಯಾದರೆ ಮಳೆಗೆ ಕರಗುತ್ತದೆ, ಗುರುತು ಉಳಿಯುವುದಿಲ್ಲ.

ಇಷ್ಟು ಓದಿದವರು ಯಲ್ಲಾಪುರದ ಕಡೆಯವರಾದರೆ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ತೋಟದ ತಲೆಯ ಮೇಲೆ, ಬೆಟ್ಟದ ಅಂಚಿನಲ್ಲಿ ಸೋಗೆ ಹೊದಿಸಿದ ಬಿಡಾರ. ಅದರಲ್ಲಿ ಆಫ್ರಿಕ ಮೂಲದ, ಗುಂಗುರು ಕೂದಲ ಸಿದ್ದಿ ಕುಟುಂಬ. ಮೂರು ತಲೆಮಾರು ಅಲ್ಲೇ ಇದ್ದರೂ ಕಾಗದದಲ್ಲಿ ಎಲ್ಲೂ ಇಲ್ಲ. ಬಹಿಯಾದ ಆ ಎಸ್ಟೇಟನ್ನು ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇದು ಕಾಕತಾಳೀಯವಲ್ಲ. ಬಹಿಯಾಕ್ಕೂ, ಸಿದ್ದಿಗಳ ಹಿರಿಯರಲ್ಲಿ ಹಲವರು ತಪ್ಪಿಸಿಕೊಂಡು ಬಂದ ಗೋವೆಗೂ ಆಫ್ರಿಕದ ಜನರನ್ನು ತಂದಿಳಿಸಿದ್ದು ಪೋರ್ಚುಗಲ್ ಎಂಬ ಒಂದೇ ರಾಜ್ಯದ ಹಡಗುಗಳು. ಬ್ರೆಜಿಲ್ಲಿಗೆ ಹೋದವರ ಸಂಖ್ಯೆ ಅಪಾರ: ಸುಮಾರು 48 ಲಕ್ಷ ಮಂದಿ ಅಲ್ಲಿ ಜೀವಂತ ಇಳಿದರು ಎಂಬುದು ಇತಿಹಾಸಕಾರರ ಅಂದಾಜು. ಗೋವೆಗೆ ಬಂದವರು ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಬಂದ ತೀರವೂ ಬೇರೆ. ಬಹಿಯಾದವರು ಹೆಚ್ಚಾಗಿ ಆಫ್ರಿಕದ ಪಶ್ಚಿಮ ಕರಾವಳಿಯವರು; ಗೋವೆಯವರು ಹೆಚ್ಚಾಗಿ ಪೂರ್ವದ ಮೊಜಾಂಬಿಕ್ ಕಡೆಯವರು. ಮೊಜಾಂಬಿಕ್‌ನ ಆಡಳಿತ ಆಗ ಗೋವೆಯಿಂದಲೇ ನಡೆಯುತ್ತಿತ್ತು. 1752ರಲ್ಲಿ ಅದನ್ನು ಬೇರ್ಪಡಿಸುವವರೆಗೆ ಆಫ್ರಿಕದ ಆ ಕರಾವಳಿಗೆ ಅಧಿಕಾರಿಯನ್ನು ನೇಮಿಸುವವನು ಮಾಂಡೋವಿ ನದಿಯ ದಡದಲ್ಲಿ ಕೂತ ವೈಸರಾಯ್. ಮಾನ್ಸೂನ್ ಗಾಳಿ ಹಿಡಿದು ಬರುವ ಹಡಗಿನಲ್ಲಿ ಆನೆದಂತ, ಚಿನ್ನದ ಜೊತೆ ಮನುಷ್ಯರೂ ಇರುತ್ತಿದ್ದರು.

ಹಳೆಗೋವೆಯ ನೇರ ಬೀದಿಯಲ್ಲಿ ಬೆಳಗಿನ ಹೊತ್ತು ಹರಾಜು ನಡೆಯುತ್ತಿತ್ತು. 1583ರಿಂದ ಐದಾರು ವರ್ಷ ಗೋವೆಯ ಆರ್ಚ್‌ಬಿಷಪ್ಪರ ಬಳಿ ನೌಕರಿ ಮಾಡಿಕೊಂಡಿದ್ದ ಡಚ್ ಯುವಕ ಲಿನ್ಸ್‌ಕೋಟನ್, ಹಬ್ಬದ ದಿನಗಳನ್ನು ಬಿಟ್ಟು ಪ್ರತಿದಿನ ಅರಬ್ಬೀ ಕುದುರೆ, ಸಾಂಬಾರ ಪದಾರ್ಥ, ಹರಳುಗಳ ಪಕ್ಕದಲ್ಲೇ ಗಂಡು ಹೆಣ್ಣು ಗುಲಾಮರನ್ನೂ ಕೂಗಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಪ್ಪತ್ತು ವರ್ಷದ ಬಳಿಕ ಬಂದ ಫ್ರೆಂಚ್ ನಾವಿಕ ಪಿರಾರ್ ಕಂಡದ್ದೂ ಅದನ್ನೇ. ಕೊಂಡವರು ಇವರನ್ನು ಪಲ್ಲಕ್ಕಿ ಹೊರಲು, ಛತ್ರಿ ಹಿಡಿಯಲು, ನೀರು ಸೇದಲು, ಯುದ್ಧಕ್ಕೆ ಕಳಿಸಲು ಇಟ್ಟುಕೊಳ್ಳುತ್ತಿದ್ದರು. ಸನ್ಯಾಸಿನಿಯರ ಮಠಕ್ಕೂ ಗುಲಾಮರು ಬೇಕಿತ್ತು.

ಪೋರ್ಚುಗೀಸಿನ ಮಹಾಕವಿ ಕಮೋಯಿಸ್ 1553ರಲ್ಲಿ ಈ ಗೋವೆಗೆ ಸಿಪಾಯಿಯಾಗಿ ಬಂದಿಳಿದ. ಮಹಾಕಾವ್ಯ ಬರೆದದ್ದು ಎಲ್ಲರಿಗೂ ಗೊತ್ತು. ಇಂಡಿಯಾದಲ್ಲಿ ತಾನು ಮೋಹಿಸಿದ ಬಾರ್ಬರಾ ಎಂಬ ಕಪ್ಪು ಗುಲಾಮ ಹೆಣ್ಣಿನ ಮೇಲೂ ಅವನದೊಂದು ಚಿಕ್ಕ ಕವಿತೆ ಇದೆ. ಪೋರ್ಚುಗೀಸ್ ಸಾಹಿತ್ಯದ ಅತಿ ದೊಡ್ಡ ಪ್ರಶಸ್ತಿ ಇಂದು ಇರುವುದು ಅವನ ಹೆಸರಿನಲ್ಲಿ. ಪೋರ್ಚುಗಲ್ ಮತ್ತು ಬ್ರೆಜಿಲ್ ಸರ್ಕಾರಗಳು 1988ರಲ್ಲಿ ಸ್ಥಾಪಿಸಿದ ಆ ಕಮೋಯಿಸ್ ಪ್ರಶಸ್ತಿ 2021ರಲ್ಲಿ ಮೊಜಾಂಬಿಕ್‌ನ ಕಾದಂಬರಿಕಾರ್ತಿ ಪೌಲಿನಾ ಶಿಝಿಯಾನೆಗೆ ಸಂದಿತು. ಅದನ್ನು ಪಡೆದ ಮೊದಲ ಆಫ್ರಿಕನ್ ಮಹಿಳೆ ಆಕೆ. ಬಾರ್ಬರಾಳ ಊರು ಯಾವುದೆಂದು ಕವಿ ಹೇಳಲಿಲ್ಲ.

ಸಿಕ್ಕ ಸಂದಿಯಲ್ಲಿ ಗುಲಾಮರು ಓಡುತ್ತಿದ್ದರು. ಓಡಲು ಗೋವೆಯಲ್ಲಿ ಒಂದೇ ದಿಕ್ಕು, ಮೂಡಣ. ಹೊಳೆ ದಾಟಿದರೆ ಪೋರ್ಚುಗೀಸರ ಕೈ ತಪ್ಪಿತು. ಘಟ್ಟ ಹತ್ತಿದರೆ ನಾಯಿಗಳೂ ಮೂಸಲಾರದ ಕಾಡು. ಅನಮೋಡ, ತಿನೈ ಘಟ್ಟ, ಸೂಪಾದ ಕಣಿವೆಗಳ ಮೂಲಕ ಬಂದವರು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಮೇಲ್ಭಾಗದ ಕಾಡಿನಲ್ಲಿ ನೆಲೆ ನಿಂತರು. ಎಲ್ಲ ಸಿದ್ದಿಗಳೂ ಹೀಗೆಯೇ ಬಂದರೆನ್ನಲಾಗದು. ಬಿಜಾಪುರದ ಆದಿಲಶಾಹಿಯಲ್ಲಿ ಆಫ್ರಿಕ ಮೂಲದವರು ಸೇನಾಪತಿಗಳೂ ದಿವಾನರೂ ಆಗಿದ್ದರು. ಆ ರಾಜ್ಯ ಬಿದ್ದಾಗ ಚದುರಿದವರೂ ಇಲ್ಲಿ ಸೇರಿರಬೇಕು. ಹಳಿಯಾಳದ ಕಡೆ ಮುಸ್ಲಿಂ ಸಿದ್ದಿಗಳು ಹೆಚ್ಚು, ಯಲ್ಲಾಪುರದ ಕಡೆ ಹಿಂದೂ ಸಿದ್ದಿಗಳು ಹೆಚ್ಚು, ಕ್ರೈಸ್ತರು ಎರಡೂ ಕಡೆ. ಯಾರ ಆಶ್ರಯದಲ್ಲಿ ಬದುಕಿದರೋ ಅವರ ದೇವರು ಇವರ ದೇವರಾದ. ಇವರೆಲ್ಲರೂ ಪೂಜಿಸುವುದು ಮಾತ್ರ ‘ಹಿರಿಯರ’ನ್ನು, ಮನೆಯ ಮೂಲೆಯಲ್ಲಿ ತೆಂಗಿನಕಾಯಿ ಇಟ್ಟು. ಡಮಾಮ್ ಎಂಬ ಉದ್ದನೆಯ ಚರ್ಮವಾದ್ಯ ಬಾರಿಸಿ ಕುಣಿಯುವಾಗ ಮೂರೂ ಮತದವರು ಒಂದೇ ವೃತ್ತದಲ್ಲಿರುತ್ತಾರೆ. ಕ್ರೈಸ್ತ ಸಿದ್ದಿಗಳ ಕೇರಿಯಲ್ಲಿ ಇಂದಿಗೂ ಜೂಜೆ, ಮರಿಯಾ, ಬಸ್ತ್ಯಾಂವ್ ಎಂಬ ಹೆಸರು ಕರೆದರೆ ಯಾರಾದರೊಬ್ಬರು ಓಗೊಡುತ್ತಾರೆ. ಪೋರ್ಚುಗೀಸ್ ಭಾಷೆಯಿಂದ ಅವರಲ್ಲಿ ಉಳಿದದ್ದು ಹೆಚ್ಚೂ ಕಡಿಮೆ ಇಷ್ಟೇ. ಮನೆಮಾತು ಕನ್ನಡ, ಮರಾಠಿ ಬೆರೆತ ಒಂದು ಕೊಂಕಣಿ.

ಕಾರವಾರದ ಕೋಡಿಬಾಗದಲ್ಲಿ ಖಾಪ್ರಿ ದೇವರಿದ್ದಾನೆ. ವರ್ಷಕ್ಕೊಮ್ಮೆ ಜಾತ್ರೆಯಾದಾಗ ಭಕ್ತರು ಅವನಿಗೆ ಸಿಗರೇಟು ಹಚ್ಚಿ ಇಡುತ್ತಾರೆ, ಸಾರಾಯಿ ಎರೆಯುತ್ತಾರೆ, ಮೇಣದ ಬತ್ತಿ ಬೆಳಗುತ್ತಾರೆ, ಕೋಳಿ ಕೊಡುತ್ತಾರೆ. ಈತ ಆಫ್ರಿಕದಿಂದ ಬಂದವನೆಂದು ಊರಿನವರೇ ಹೇಳುತ್ತಾರೆ. ಪೋರ್ಚುಗೀಸರು ತಮ್ಮ ಕಪ್ಪು ಗುಲಾಮರನ್ನು ಕರೆಯುತ್ತಿದ್ದ ಹೆಸರನ್ನೇ ದೇವರಿಗೆ ಇಟ್ಟು, ಅವನಿಗೆ ಧೂಮಪಾನದ ಸೇವೆ ಮಾಡಿಸುವ ಈ ಧೈರ್ಯ ನಮ್ಮ ಕರಾವಳಿಗೆ ಮಾತ್ರ ಸಾಧ್ಯ.

ಗುಲಾಮರು ಗೋವೆಯಿಂದ ಘಟ್ಟ ಹತ್ತಿದಂತೆ, ಘಟ್ಟದ ಅರಸನೊಬ್ಬ ಗೋವೆಗೆ ಇಳಿದದ್ದೂ ಉಂಟು. ಶಿರಸಿಯಿಂದ ಕೂಗಳತೆಗಿಂತ ಸ್ವಲ್ಪ ದೂರದಲ್ಲಿರುವ ಸೋದೆ, ಮೆಣಸಿನ ವ್ಯಾಪಾರದಿಂದ ಕೊಬ್ಬಿದ ಸಂಸ್ಥಾನ. ಗೋವೆಯ ಪೋರ್ಚುಗೀಸರೊಡನೆ ಅದರ ಸಂಬಂಧ ಒಮ್ಮೆ ಜಗಳ, ಒಮ್ಮೆ ಕರಾರು. ಕೆಳಗೆ ಫೋಂಡಾ, ಕಾಣಕೋಣದವರೆಗೂ ಅದರ ಸೀಮೆ ಚಾಚಿತ್ತು. 1763ರ ಆರಂಭದಲ್ಲಿ ಬಿದನೂರು ಹಿಡಿದ ಹೈದರಾಲಿ, ವರ್ಷದ ಕೊನೆಯಲ್ಲಿ ತನ್ನ ದಂಡನಾಯಕ ಫಜಲುಲ್ಲಾ ಖಾನನನ್ನು ಸೋದೆಯ ಮೇಲೆ ಕಳಿಸಿದ. ಅರಸ ಇಮ್ಮಡಿ ಸದಾಶಿವ ಗೋವೆಗೆ ಓಡಿದ. ಪೋರ್ಚುಗೀಸರು ಆಶ್ರಯ ಕೊಟ್ಟರು, ಖರ್ಚಿಗೆ ಸಂಬಳ ಕಟ್ಟಿದರು, ‘ಕಾಪಾಡುವ’ ನೆಪದಲ್ಲಿ ಅವನ ಕೆಳಸೀಮೆಯನ್ನೆಲ್ಲ ವಶಕ್ಕೆ ತೆಗೆದುಕೊಂಡರು. 1791ರಲ್ಲಿ ಅದು ಕಾಗದದ ಮೇಲೂ ಅವರದಾಯಿತು. ಅರಸರ ವಂಶ ಫೋಂಡಾ ಬಳಿಯ ಬಾಂದಿವಡೆಯಲ್ಲಿ ನೆಲೆಸಿತು. ಇಂದು ನಾವು ಮಂಗೇಶಿ, ಶಾಂತಾದುರ್ಗೆ ಎಂದು ಯಾತ್ರೆಗೆ ಹೋಗುವ ಫೋಂಡಾ, ಗೋವೆಗೆ ಸೇರಿದ ಬಗೆ ಇದು. 1801ರಲ್ಲಿ ಈ ದಾರಿಯಾಗಿ ಹೋದ ಬುಕನನ್ ಕಂಡದ್ದು ಹಾಳುಬಿದ್ದ ಸೋದೆಯನ್ನು, ಅದರ ಸುತ್ತ ಅಡಿಕೆ, ಮೆಣಸು, ಏಲಕ್ಕಿ ಬೆಳೆಯುವ ಹೈಗರ ತೋಟಗಳನ್ನು.

ಅರಸನಿಗೆ ಬಾಂದಿವಡೆಯಲ್ಲಿ ಅರಮನೆ. ಎದುರು ದಿಕ್ಕಿನಲ್ಲಿ ಓಡಿದವರಿಗೆ ಬಿಡಾರ. ಚರಿತ್ರೆಯಲ್ಲಿ ಓಡಿಹೋದವರೆಲ್ಲ ಒಂದೇ ಅಲ್ಲ.

ಗೋವೆಯಲ್ಲಿ ಉಳಿದ ಪೋರ್ಚುಗೀಸ್ ಭಾಷೆ ಸಾವಕಾಶವಾಗಿ ಕಾದಂಬರಿ ಬರೆಯತೊಡಗಿತು. ಇಂಡಿಯಾಕ್ಕೆ ಮೊದಲ ಅಚ್ಚುಯಂತ್ರ ಬಂದದ್ದು 1556ರಲ್ಲಿ ಗೋವೆಗೆ. ಮೊದಲ ಗೋವನ್ ಕಾದಂಬರಿ ಬರಲು ಅಲ್ಲಿಂದ ಮುನ್ನೂರು ವರ್ಷ ಹಿಡಿಯಿತು. ಲಿಸ್ಬನ್ ಪಾರ್ಲಿಮೆಂಟಿನಲ್ಲಿ ಗೋವೆಯ ಪ್ರತಿನಿಧಿಯಾಗಿದ್ದ ಫ್ರಾನ್ಸಿಸ್ಕು ಲೂಯಿಸ್ ಗೋಮ್ಸ್ 1866ರಲ್ಲಿ ‘ಬ್ರಾಹ್ಮಣರು’ ಎಂಬರ್ಥದ ಹೆಸರಿನ ಕಾದಂಬರಿ ಪ್ರಕಟಿಸಿದರು. ತಮಾಷೆಯೆಂದರೆ ಅದರ ಕತೆ ನಡೆಯುವುದು ಗೋವೆಯಲ್ಲಲ್ಲ, 1857ರ ದಂಗೆಯ ಕಾಲದ ಫೈಜಾಬಾದಿನಲ್ಲಿ. ಗೋವೆಯ ಮಣ್ಣಿನ ಕತೆಗೆ, ಅದೂ ಮಣ್ಣಿನಲ್ಲಿ ದುಡಿಯುವವರ ಕತೆಗೆ, ಇನ್ನೂ ಒಂದು ಶತಮಾನ ಕಾಯಬೇಕಾಯಿತು.

ಅದನ್ನು ಬರೆದವರು ಒರ್ಲಾಂಡೊ ದ ಕೋಸ್ತಾ. ಹುಟ್ಟಿದ್ದು 1929ರಲ್ಲಿ ಮೊಜಾಂಬಿಕ್‌ನ ರಾಜಧಾನಿಯಲ್ಲಿ, ಬೆಳೆದದ್ದು ಮಡಗಾಂವಿನ ಮನೆಯಲ್ಲಿ, ಹದಿನೆಂಟರಲ್ಲಿ ಓದಲು ಲಿಸ್ಬನ್ನಿಗೆ. ಅಲ್ಲಿ ಸಲಜಾರನ ಸರ್ವಾಧಿಕಾರ. ವಸಾಹತುಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೃಹ ಆ ಕಾಲದಲ್ಲಿ ಸ್ವಾತಂತ್ರ್ಯದ ಮಾತಿನ ಗೂಡಾಗಿತ್ತು. ಅಂಗೋಲ, ಮೊಜಾಂಬಿಕ್, ಗಿನಿಯ ಮುಂದಿನ ನಾಯಕರು ಅಲ್ಲಿ ಒಟ್ಟಿಗೆ ಕೂತು ಮಾತಾಡುತ್ತಿದ್ದರು. ಕೋಸ್ತಾ ಕಮ್ಯುನಿಸ್ಟರಾದರು. ಗುಪ್ತ ಪೋಲೀಸರು ಒಂದಕ್ಕಿಂತ ಹೆಚ್ಚು ಬಾರಿ ಹಿಡಿದು ಒಳಗೆ ಹಾಕಿದರು. 1961ರಲ್ಲಿ ಅವರ ಮೊದಲ ಕಾದಂಬರಿ ‘ಉ ಸಿಗ್ನು ದ ಇರ’ ಬಂತು. ಎರಡನೆಯ ಮಹಾಯುದ್ಧದ ಕಾಲದ ಗೋವೆ. ಅಕ್ಕಿಯ ಅಭಾವ. ಭಾಟ್ಕಾರನ, ಅಂದರೆ ಜಮೀನ್ದಾರನ, ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತ ಕುಣಬಿಗಳು. ಆತನ ನೆಲದಲ್ಲೇ ಅವರ ಗುಡಿಸಲು. ಆದ್ದರಿಂದ ಆತ ಕರೆದಾಗ ಹೋಗಲೇಬೇಕು, ಬೈದರೆ ಕೇಳಲೇಬೇಕು, ಏಳು ಎಂದರೆ ಏಳಬೇಕು. ಗೋವೆಯಲ್ಲಿ ಇಂಥವರನ್ನು ಮುಂಡಕಾರರೆನ್ನುತ್ತಾರೆ. ಅವರನ್ನು ಎಬ್ಬಿಸಬಾರದೆಂಬ ಕಾಯ್ದೆ ಬಂದದ್ದು 1975ರಲ್ಲಿ.

ಈ ಕಾದಂಬರಿಗೆ ಲಿಸ್ಬನ್ನಿನ ವಿಜ್ಞಾನ ಅಕಾಡೆಮಿ ತನ್ನ ರಿಕಾರ್ಡು ಮಲ್ಯೆರುಸ್ ಬಹುಮಾನ ಕೊಟ್ಟಿತು. ಆಗಿನ ಪೋರ್ಚುಗಲ್ಲಿನಲ್ಲಿ ಕಾದಂಬರಿಗೆ ಸಿಗುತ್ತಿದ್ದ ಮಾನ್ಯತೆಗಳಲ್ಲಿ ಅದು ದೊಡ್ಡದು. ಪೋಲೀಸರು ಹಿಡಿದವನಿಗೆ ಅಕಾಡೆಮಿ ಹಾರ ಹಾಕುವ ಈ ವಿಚಿತ್ರ ಹೇಗೆ ನಡೆಯಿತು? ನನಗನ್ನಿಸುವುದು: ಸರ್ವಾಧಿಕಾರಕ್ಕೂ ಸಾಹಿತ್ಯದ ಒಂದು ಕಿಟಕಿ ಬೇಕಿರುತ್ತದೆ, ಅದರಲ್ಲೂ ದೂರದ ವಸಾಹತೊಂದು ಕೈ ಬಿಟ್ಟು ಹೋಗುತ್ತಿರುವಾಗ ‘ನಮ್ಮ ಗೋವೆ’ಯ ಕಾದಂಬರಿ ಅದಕ್ಕೆ ಪ್ರಿಯವಾಗಿ ಕಂಡಿರಬೇಕು. ಒಳಗಿನ ಸಿಟ್ಟು ಅರ್ಥವಾಗಿತ್ತೋ ಇಲ್ಲವೋ. ಕಾದಂಬರಿ ಬಂದ ವರ್ಷವೇ, ಡಿಸೆಂಬರ್ 19ರಂದು, ಭಾರತದ ಸೈನ್ಯ ಪಣಜಿಯಲ್ಲಿತ್ತು. ಕಾರವಾರದ ಎದುರಿನ ಅಂಜದೀವ್ ದ್ವೀಪ, ವಾಸ್ಕೋ ಬಂದಿಳಿದ ಕಾಲದಿಂದ ಪೋರ್ಚುಗೀಸರಿಗೆ ಪರಿಚಯವಿದ್ದದ್ದು, ಆಗಲೇ ಬಿದ್ದದ್ದು.

ಗೋವೆಯ ಪೋರ್ಚುಗೀಸ್ ಕಾದಂಬರಿ ತನ್ನ ದೊಡ್ಡ ಬಹುಮಾನ ಪಡೆಯುವ ಹೊತ್ತಿಗೆ ಓದುವವರ ಗಂಟು ಕಟ್ಟುವ ಕೆಲಸ ಶುರುವಾಗಿತ್ತು. ಶಾಲೆಗಳಲ್ಲಿ ಇಂಗ್ಲಿಷು, ಮರಾಠಿ. 1900ರಲ್ಲಿ ಶುರುವಾದ, ಗೋವೆಯ ಮೊದಲ ಪೋರ್ಚುಗೀಸ್ ದಿನಪತ್ರಿಕೆ ‘ಉ ಎರಾಲ್ದು’ ಪೋರ್ಚುಗೀಸರು ಹೋದ ಮೇಲೂ ಎರಡು ದಶಕ ಉಸಿರು ಹಿಡಿದು 1983ರಲ್ಲಿ ಇಂಗ್ಲಿಷಿಗೆ ತಿರುಗಿತು. ಕೋಸ್ತಾರ ಕಾದಂಬರಿ ಇಂಗ್ಲಿಷಿನಲ್ಲಿ ಗೋವೆಗೆ ಮರಳಲು ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. ಅವರು 2006ರಲ್ಲಿ ತೀರಿಕೊಂಡರು. ಮಗ ಅಂತೋನಿಯೊ ಕೋಸ್ತಾ 2015ರಲ್ಲಿ ಪೋರ್ಚುಗಲ್ಲಿನ ಪ್ರಧಾನಿಯಾದರು. 2017ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಮಡಗಾಂವಿನ ಅಪ್ಪನ ಮನೆಗೂ ಹೋಗಿ ಬಂದರು. ಪತ್ರಿಕೆಗಳಲ್ಲಿ ‘ಗೋವೆಯ ಮಗ’ನ ಫೋಟೊ ದೊಡ್ಡದಾಗಿ ಬಂತು.

ಕುಣಬಿಗಳು ನಮಗೆ ಅಪರಿಚಿತರಲ್ಲ. ಜೋಯಿಡಾ, ಯಲ್ಲಾಪುರ ಕಾಡಿನ ಕುಣಬಿಗಳ ಹಿರಿಯರು ಗೋವೆಯ ಕಡೆಯಿಂದ ಬಂದವರೆಂದು ಅವರೇ ಹೇಳುತ್ತಾರೆ. ಜೋಯಿಡಾದ ಗೆಡ್ಡೆ ಗೆಣಸಿನ ಮೇಳಕ್ಕೆ ಹೋದವರಿಗೆ ಅವರ ಕೈಗುಣ ಗೊತ್ತಿರುತ್ತದೆ. ಗೋವೆಯ ಕುಣಬಿ, ಗಾವಡಾ, ವೇಳಿಪರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಗಡಿಯ ಈಚೆಗಿನ ಅದೇ ಜನ ಅದೇ ಮಾನ್ಯತೆಗಾಗಿ ಮನವಿ, ಪಾದಯಾತ್ರೆ ಎಂದು ನಡೆಯುತ್ತಲೇ ಇದ್ದಾರೆ. 1763ರಲ್ಲಿ ಸೋದೆಯ ಸೀಮೆ ಹರಿದುಹೋದ ಜಾಗದಲ್ಲೇ ಇಂದಿನ ರಾಜ್ಯದ ಗಡಿಯ ಒಂದು ಭಾಗ ಹಾಯುತ್ತದೆ.

ಇತ್ತ ಘಟ್ಟದ ಮೇಲೆ ಸಿದ್ದಿಗಳ ಕತೆ ಏನಾಯಿತು? ಪೋರ್ಚುಗಲ್ ತನ್ನ ಗುಲಾಮರ ವ್ಯಾಪಾರವನ್ನು 1836ರಲ್ಲಿ ನಿಷೇಧಿಸಿತು, 1869ರಲ್ಲಿ ಗುಲಾಮಗಿರಿಯೇ ಮುಗಿಯಿತೆಂದು ಸಾರಿತು. ಅಮೆರಿಕ ಖಂಡಗಳಲ್ಲಿ ಬ್ರೆಜಿಲ್ ಕೊನೆಯದು: 1888ರ ಮೇ 13. ಓಡಿ ಬಂದು ತಮ್ಮನ್ನು ತಾವೇ ಬಿಡಿಸಿಕೊಂಡಿದ್ದ ಯಲ್ಲಾಪುರದವರಿಗೆ ಈ ತಾರೀಕುಗಳಿಂದ ಆದದ್ದೇನೂ ಇಲ್ಲ. ಅವರಿಗೆ ತಟ್ಟಿದ್ದು ಬೇರೆ ಕಾಯ್ದೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂತು. ಕಾಡಿಗೆ ಗಡಿ ಕಲ್ಲು ಬಿದ್ದವು. ಕುಮರಿ ಕಡಿದು ರಾಗಿ ಬಿತ್ತುವುದು ಅಪರಾಧವಾಯಿತು. ಅಡಿಕೆ ತೋಟದವರು ಗಲಾಟೆ ಮಾಡಿದರು, ಅರ್ಜಿ ಬರೆದರು, ಓದು ಬಲ್ಲವರಾದ್ದರಿಂದ ಅವರ ಮಾತು ಮುಂಬಯಿಗೆ ಕೇಳಿಸಿತು. ತೋಟಕ್ಕೆ ಸೊಪ್ಪು, ದರಕು ಬೇಕೇ ಬೇಕೆಂದು ಒಂದೆಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಸಿಕ್ಕಿತು. ನಮ್ಮ ತಾಲೂಕುಗಳ ತೋಟಗಾರಿಕೆ ಇವತ್ತಿಗೂ ನಿಂತಿರುವುದು ಆ ಸೊಪ್ಪಿನ ಬೆಟ್ಟದ ಮೇಲೆ. ಆ ಬೆಟ್ಟದಿಂದ ಸೊಪ್ಪು ಕೊಚ್ಚಿ ಹೊರೆ ಹೊತ್ತು ತಂದವರಿಗೆ ಬೆಟ್ಟವೂ ಇಲ್ಲ, ತೋಟವೂ ಇಲ್ಲ. 1930ರ ಜಂಗಲ್ ಸತ್ಯಾಗ್ರಹ, ಆಮೇಲೆ ಸಿದ್ದಾಪುರ, ಅಂಕೋಲೆಯ ಕರನಿರಾಕರಣೆ, ಇವೆಲ್ಲ ನಮ್ಮ ಹೆಮ್ಮೆ. ಅವುಗಳ ಪುಸ್ತಕಗಳಲ್ಲಿ ಸಿದ್ದಿಗಳ ಹೆಸರು ಹುಡುಕಿದರೆ ಕಣ್ಣು ಸೋಲುತ್ತದೆ.

1974ರ ಭೂಸುಧಾರಣೆಯೂ ಅವರ ಬಿಡಾರದ ಪಕ್ಕದಿಂದ ಹಾದುಹೋಯಿತು. ಗೇಣಿದಾರನಿಗೆ ಭೂಮಿ, ಇವರು ಗೇಣಿದಾರರಲ್ಲ, ಸಾಲ ತೀರಿಸಲು ವರ್ಷದ ಆಳಾಗಿ ದುಡಿಯುವವರು. ಇಂಥ ಬದುಕನ್ನು ಸಮಾಜಶಾಸ್ತ್ರಜ್ಞ ಟಿ.ಸಿ. ಪಾಲಾಕ್ಷಪ್ಪ ಮನೆಮನೆ ತಿರುಗಿ ದಾಖಲಿಸಿ 1976ರಲ್ಲಿ ಉತ್ತರ ಕನ್ನಡದ ಸಿದ್ದಿಗಳ ಮೇಲೆ ಇಂಗ್ಲಿಷ್ ಪುಸ್ತಕ ತಂದರು. ಅಲ್ಲಿಯವರೆಗೆ ಇವರು ಗೆಜೆಟಿಯರಿನ ಒಂದು ಪರಿಚ್ಛೇದ.

ಕಾದಂಬರಿಯೊಂದು ಸಿದ್ದಿಗಳ ಅಂಗಳಕ್ಕೆ ಬಂದದ್ದು 1980ರ ದಶಕದಲ್ಲಿ, ಪೋರ್ಚುಗೀಸಿನಿಂದಲ್ಲ. ಹೆಗ್ಗೋಡಿನ ನೀನಾಸಂ ಆಗ ಜನಸ್ಪಂದನ ಎಂಬ ಯೋಜನೆಯಲ್ಲಿ ನಾಟಕವನ್ನು ಊರೂರಿಗೆ ಒಯ್ಯುತ್ತಿತ್ತು. ನಿರ್ದೇಶಕ ಚಿದಂಬರರಾವ್ ಜಂಬೆ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳನ್ನು ಸೇರಿಸಿ, ನೈಜೀರಿಯಾದ ಚಿನುವ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಆಡಿಸಿದರು. ಬಿಳಿಯರು ಬರುವ ಮುಂಚೆ ಒಂದು ಆಫ್ರಿಕನ್ ಊರು ಹೇಗಿತ್ತು, ಅವರು ಬಂದ ಮೇಲೆ ಹೇಗೆ ಮುರಿಯಿತು ಎಂಬ ಕತೆ. ಹಗಲು ತೋಟದ ಕೆಲಸ ಮುಗಿಸಿ ಬಂದವರು ರಾತ್ರಿ ತಾಲೀಮಿನಲ್ಲಿ ಒಕೊಂಕ್ವೊನ ಬಂಧುಗಳಾದರು. ರಂಗದ ಮೇಲೆ ಡಮಾಮ್ ಇತ್ತು, ಅವರದೇ ಕುಣಿತವಿತ್ತು. ಸಿದ್ದಿಗಳ ಅಜ್ಜಂದಿರು ನೈಜೀರಿಯದವರಲ್ಲ, ಅಚೆಬೆ ಬರೆದದ್ದು ಇಂಗ್ಲಿಷಿನಲ್ಲಿ, ಆಡಿದ್ದು ಕನ್ನಡದಲ್ಲಿ. ವಂಶಾವಳಿಯ ಲೆಕ್ಕದಲ್ಲಿ ಎಲ್ಲವೂ ತಪ್ಪು. ರಂಗದ ಲೆಕ್ಕದಲ್ಲಿ ಇದಕ್ಕಿಂತ ಸರಿಯಾದದ್ದು ಕಾಣೆ. ಆಮೇಲಿನ ತಲೆಮಾರಿನಲ್ಲಿ ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿ ನೀನಾಸಂನಲ್ಲಿ ಕಲಿತು ರಂಗಭೂಮಿ, ಸಿನಿಮಾದಲ್ಲಿ ಹೆಸರು ಮಾಡಿದರು.

ಮಾನ್ಯತೆಗಳು ಬರತೊಡಗಿದ್ದು ಆಮೇಲೆ, ಒಂದೊಂದಾಗಿ. ಬ್ರೆಜಿಲ್ಲಿನ 1988ರ ಸಂವಿಧಾನ, ಓಡಿಹೋದ ಗುಲಾಮರು ಕಟ್ಟಿದ ಊರುಗಳ ವಂಶಸ್ಥರಿಗೆ ಅವರು ಕೂತ ನೆಲದ ಹಕ್ಕನ್ನು ಒಪ್ಪಿಕೊಂಡಿತು. ಇತಮಾರ್ ನೌಕರಿ ಮಾಡುತ್ತಿದ್ದ ಇಲಾಖೆಯ ಕೆಲಸಗಳಲ್ಲಿ ಅಂಥ ನೆಲವನ್ನು ಗುರುತಿಸಿ ಅಳೆಯುವುದೂ ಒಂದು. ಅಂಥ ಊರುಗಳ ಮೇಲೆಯೇ ಅವರು ಡಾಕ್ಟರೇಟ್ ಮಾಡಿದರು. ನಮ್ಮಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡವಾದದ್ದು 2003ರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಕಾಡಿನಲ್ಲಿದ್ದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ, ಇದ್ದದ್ದಕ್ಕೆ ದಾಖಲೆ ತೋರಿಸಬೇಕು. ಕಾಡಿನಲ್ಲಿದ್ದವನಿಗೆ ದಾಖಲೆ ಎಲ್ಲಿಂದ ಬರಬೇಕು? ಸಿದ್ದಿಗಳು ಈ ಹೊಡೆತದಿಂದ ಪಾರಾದದ್ದು ಮೂರೇ ವರ್ಷದ ಅಂತರದಲ್ಲಿ. ಕುಣಬಿಗಳು ಪಾರಾಗಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತಾಲೂಕು ಕಚೇರಿಗಳ ಎದುರು ‘ಅತಿಕ್ರಮಣದಾರ’ರೆಂಬ ಹಣೆಪಟ್ಟಿ ಹೊತ್ತ ಜನ ಜಿಪಿಎಸ್ ಸರ್ವೆಯ ಕಾಗದ ಹಿಡಿದು ಕೂರುವುದು ಇಂದಿಗೂ ಕಾಣುವ ನೋಟ. ಇಟ್ಟಿಗೆ ಇಡಬಾರದೆಂದ ಆಗ್ವ ನೆಗ್ರದ ಧಣಿಗೆ ಸಾಕ್ಷಿಯ ಬೆಲೆ ಚೆನ್ನಾಗಿಯೇ ಗೊತ್ತಿತ್ತು.

2020ರಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸನಸಭೆಗೆ ಹೋದವರಲ್ಲಿ ಅವರೇ ಮೊದಲಿಗರು.

ಹೊರಗಿನ ಮಾನ್ಯತೆ ಅವರ ಹೊಲಿಗೆಗೂ ಸಿಕ್ಕಿದೆ. ಸಿದ್ದಿ ಹೆಂಗಸರು ಹೊಲಿಯುವ ಕವದಿಯೊಂದನ್ನು ಹತ್ತಿರದಿಂದ ನೋಡಬೇಕು. ಹರಿದ ಸೀರೆ, ಲುಂಗಿ, ಶಾಲೆಯ ಯೂನಿಫಾರ್ಮಿನ ತುಂಡುಗಳನ್ನು ಹಳೆಯ ಸೀರೆಯ ಮೇಲೆ ಇಟ್ಟು, ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ದಪ್ಪ ದಾರದ ಸಾಲು ಬತ್ತದ ನಾಟಿಯಂತೆ ಒತ್ತೊತ್ತಾಗಿ ನಡೆಯುತ್ತದೆ. ಕ್ರೈಸ್ತರ ಕವದಿಯಲ್ಲಿ ಅಲ್ಲಲ್ಲಿ ಶಿಲುಬೆ. ನಾಲ್ಕು ಮೂಲೆಗಳಲ್ಲಿ ಮುಕ್ಕೋನ ಮಡಚಿದ ಬಟ್ಟೆಯ ‘ಫೂಲ’ ಇಟ್ಟರೆ ಮಾತ್ರ ಕವದಿ ಮುಗಿದಂತೆ. ಅದಿಲ್ಲದ ಕವದಿ ಬೆತ್ತಲೆ ಎನ್ನುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವನ್ನು ಹೊರಗಿನ ಜಗತ್ತಿಗೆ ತೋರಿಸಿದ ಮೇಲೆ ಕವದಿಗಳು ವಿದೇಶದ ಗೋಡೆಗಳನ್ನೂ ಏರಿವೆ.

ಲೆಯಾ ಬಹುಮಾನಕ್ಕೆ ಮರಳುವುದಾದರೆ, ಅದರ ಪಟ್ಟಿಯೇ ಒಂದು ನಕ್ಷೆ. 2008ರಲ್ಲಿ ಮೊದಲು ಗೆದ್ದವರು ಬ್ರೆಜಿಲ್ಲಿನ ಮುರಿಲು ಕರ್ವಾಲ್ಯು. ಎರಡನೆಯ ವರ್ಷ ಮೊಜಾಂಬಿಕ್‌ನ ಇತಿಹಾಸಕಾರ ಜುಆಂವ್ ಪೌಲು ಬೊರ್ಜೆಸ್ ಕುಏಲ್ಯು, ಮೊದಲ ಮಹಾಯುದ್ಧದ ಕಾಲದ ತಮ್ಮ ಉತ್ತರ ಸೀಮೆಯ ಕಾದಂಬರಿಗಾಗಿ. 2011ರಲ್ಲಿ ಪೋರ್ಚುಗಲ್ಲಿನ ಜುಆಂವ್ ರಿಕಾರ್ಡು ಪೆದ್ರು, ಎಂಜಿನಿಯರ್ ಕೆಲಸ ಕಳಕೊಂಡು ಮನೆಯಲ್ಲಿ ಕೂತು ಮೊದಲ ಕಾದಂಬರಿ ಬರೆದವರು. 2010ರಲ್ಲಿ, ಮತ್ತೆ 2016ರಲ್ಲಿ ಬಂದ ಹಸ್ತಪ್ರತಿಗಳಲ್ಲಿ ಯಾವುದೂ ಯೋಗ್ಯವಲ್ಲವೆಂದು ತೀರ್ಪುಗಾರರು ಯಾರಿಗೂ ಕೊಡಲಿಲ್ಲ. ಅಕಾಡೆಮಿ, ಪರಿಷತ್ತುಗಳ ವರ್ಷವರ್ಷದ ಸಾಲು ಸನ್ಮಾನ ಕಂಡವರಿಗೆ ಇದು ಅನ್ಯಲೋಕದ ಸುದ್ದಿ. ಮೊದಲ ವರ್ಷಗಳ ತೀರ್ಪುಗಾರರ ಮುಖ್ಯಸ್ಥರು ಕವಿ ಮನುಯೆಲ್ ಅಲೆಗ್ರ; ಜೊತೆಗೆ ಅಂಗೋಲದ ಪೆಪೆತೆಲಾ, ಬ್ರೆಜಿಲ್ಲಿನವರು, ಮೊಜಾಂಬಿಕ್‌ನವರು. ಹಡಗು ಹೋದ ಬ್ರೆಜಿಲ್ಲಿಗೆ, ಮೊಜಾಂಬಿಕ್‌ಗೆ ಬಹುಮಾನ ಹೋಗಿದೆ, ಪೋರ್ಚುಗೀಸರು ನಾಲ್ಕೂವರೆ ಶತಮಾನ ಕೂತಿದ್ದ ಗೋವೆಗೆ ಬಂದಿಲ್ಲ. ಅಲ್ಲಿ ಆ ಭಾಷೆಯಲ್ಲಿ ಕಾದಂಬರಿ ಬರೆಯುವವರು ಉಳಿಯಲಿಲ್ಲ. ಯಲ್ಲಾಪುರಕ್ಕೆ ಬರುವ ಮಾತಂತೂ ಇಲ್ಲವೇ ಇಲ್ಲ. ಆ ಭಾಷೆಯಿಂದ ತಪ್ಪಿಸಿಕೊಂಡದ್ದರಿಂದಲೇ ಇಲ್ಲಿನವರು ಬದುಕಿದ್ದು. ಅವರ ಕತೆಗೆ ಲಿಸ್ಬನ್ ಬಾಕಿದಾರನಲ್ಲ, ಬಾಕಿ ಇರುವುದು ಕನ್ನಡ ಮತ್ತು ಕೊಂಕಣಿಯದು.

‘ತೋರ್ತು ಅರಾದು’ ಬ್ರೆಜಿಲ್ಲಿನಲ್ಲಿ 2020ರ ಜಬೂತಿ ಮತ್ತು ಓಶಿಯಾನುಸ್ ಪ್ರಶಸ್ತಿಗಳನ್ನೂ ಪಡೆಯಿತು. ‘ಕ್ರೂಕೆಡ್ ಪ್ಲೌ’ ಎಂದು ಇಂಗ್ಲಿಷಿಗೆ ಬಂದು 2024ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಕೊನೆಯ ಆರರ ಪಟ್ಟಿಯಲ್ಲಿತ್ತು. ಮರುವರ್ಷ ಅದೇ ಬೂಕರ್ ಅನ್ನು ಬಾನು ಮುಷ್ತಾಕರ ಕನ್ನಡ ಕತೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ ಗೆದ್ದಾಗ ನಮ್ಮ ಊರುಗಳಲ್ಲೂ ಅಭಿನಂದನೆಯ ಬ್ಯಾನರುಗಳು ಕಟ್ಟಿದ್ದವು.